ಸಭೆಯಲ್ಲಿ ಕೇಳಿದ ಪ್ರಶ್ನೆ

ಹಾನಗಲ್ಲೇ ಪೂರ್ವದ ವಿರಾಟನಗರವೆಂದು ಆ ಸೀಮೆಯ ಹಿರಿಯರು ತಲೆತಲಾಂತರದಿಂದ ಹೇಳುತ್ತ ಬಂದಿರುವರು. ಶಾಸನಗಳಲ್ಲಿ ಪಾನುಂಗಲ್ಲೆಂಬ ಹೆಸರಿನೊಡನೆ ವಿರಾಟನಕೋಟೆ, ವಿರಾಟನಗರಿ ಎಂಬ ಹೆಸರುಗಳೂ ಆ ಊರಿಗೆ ಸಂದಿರುವವು. ಪಂಡಿತರು ವಿರಾಟನ ಮತ್ಸ್ಯದೇಶವನ್ನು ದೂರದ ಉತ್ತರದಲ್ಲಿ ಗೊತ್ತುಪಡಿಸಿರುವರೆಂಬದು ನಿಜವೇ. ಆದರೂ ತಾರಕೇಶ್ವರನ ಗುಡಿಯ ಕಲ್ಲಿನ ಕಮಲದ ಕೆಳಗೆ ಕುಳಿತು ಮುದುಕರು ಕೀಚಕನ ಕಥೆಯನ್ನು ಹೇಳತೊಡಗಿದರೆ, ಅದು ಬೇರೆಲ್ಲಿಯೋ ನಡೆದಿರಬಹುದೆಂಬ ಸಂದೇಹವು ಕೇಳುವ ಮಕ್ಕಳಿಗೆ ಹುಟ್ಟುವದಿಲ್ಲ.

ಆ ಕಥೆಯಲ್ಲಿ ಒಂದು ಪ್ರಸಂಗವುಂಟು. ಕೀಚಕನ ಕೈಯಿಂದ ತಪ್ಪಿಸಿಕೊಂಡ ಸೈರಂಧ್ರಿಯು ರಾಜಸಭೆಗೆ ಓಡಿಬರುವಳು. ಅವನು ಬೆನ್ನಟ್ಟಿ ಬಂದು ಅರಸನ ಕಣ್ಣೆದುರಿಗೇ ಅವಳನ್ನು ಒದೆಯುವನು. ಆಕೆಯು ಎದ್ದು ನಿಂತು, ರಾಜನು ತನ್ನ ಆಶ್ರಯದಲ್ಲಿರುವವಳನ್ನು ಏಕೆ ರಕ್ಷಿಸಲಿಲ್ಲ, ಸಭೆಯಲ್ಲಿ ಕುಳಿತವರು ಏಕೆ ಸುಮ್ಮನಿರುವರು ಎಂದು ಕೇಳುವಳು. ವಿರಾಟನು ಕೊಡುವ ಉತ್ತರವು ಲಕ್ಷ್ಯಕ್ಕೆ ಬರತಕ್ಕದ್ದು. ನಿಮ್ಮಿಬ್ಬರ ಜಗಳವು ತನ್ನ ಪರೋಕ್ಷದಲ್ಲಿ ಹುಟ್ಟಿದ್ದೆಂದೂ, ಅದರ ತತ್ತ್ವವನ್ನರಿಯದೆ ತಾನು ನ್ಯಾಯವನ್ನು ಹೇಗೆ ಹೇಳಬೇಕೆಂದೂ ಅವನು ನುಣುಚಿಕೊಳ್ಳುವನು. ಸಭಾಸದರು ಆಕೆಯನ್ನು ಹೊಗಳುವರು, ಕೀಚಕನನ್ನು ಹಳಿಯುವರು. ಆದರೆ ಒಬ್ಬನೂ ಪೀಠವನ್ನು ಬಿಟ್ಟು ಏಳುವದಿಲ್ಲ. ಕೂಡಿ ಬೆಳಗುವ ಸ್ಥಳವೇ ಸಭೆಯೆಂದು ಶಾಬ್ದಿಕರು ವ್ಯುತ್ಪತ್ತಿಯನ್ನು ಹೇಳುವದುಂಟು. ಆ ದಿನ ವಿರಾಟನ ಸಭೆಯಲ್ಲಿ ಬೆಳಗಿದ್ದು ಪ್ರಶ್ನೆಯೊಂದೇ. ಉತ್ತರವು ಕತ್ತಲೆಯಲ್ಲಿಯೇ ಉಳಿಯಿತು.

ಪುರಾಣದ ಮಾತು ಹಾಗಿರಲಿ. ಇದೇ ಹಾನಗಲ್ಲು, ನೆರೆಯ ಶಿಗ್ಗಾಂವಿ, ಹಿರೇಕೆರೂರು, ಸವಣೂರುಗಳು ಸುಮಾರು ೯೦ ವರ್ಷ ಮತ್ತೊಂದು ಸಭೆಯ ಕಡೆಗೆ ಮುಖಮಾಡಿಕೊಂಡಿದ್ದವು. ಅದು ಮುಂಬಯಿಯ ಕಾಯದೆ ಕೌನ್ಸಿಲು. ಅದರ ಚರಿತ್ರೆಯನ್ನು ಗವರ್ನರರ ಹೆಸರುಗಳಿಂದ ಬರೆಯಬಹುದು, ಸುಧಾರಣೆಯ ಕಾಯದೆಗಳಿಂದಲೂ ಬರೆಯಬಹುದು. ಆದರೆ ಈ ನಾಲ್ಕು ಊರುಗಳಲ್ಲಿ ನಿಂತು ನೋಡುವವರಿಗೆ ಅದು ಬೇರೊಂದು ಬಗೆಯಾಗಿ ಕಾಣುವದು. ಅಲ್ಲಿ ಪ್ರಶ್ನೆಯನ್ನು ಯಾರು ಕೇಳಬಹುದಾಗಿತ್ತು, ಯಾರ ಪರವಾಗಿ ಕೇಳಬಹುದಾಗಿತ್ತು, ಉತ್ತರವನ್ನು ಕೊಡಲೇಬೇಕೆಂಬ ಹೊಣೆಯು ಯಾರ ಮೇಲೆ ಇತ್ತು ಎಂಬ ಮೂರೇ ಮಾತುಗಳಲ್ಲಿ ಆ ಸಭೆಯ ಏಳಿಗೆಯೆಲ್ಲವೂ ಅಡಗಿರುವದು.

ಮೊದಲು ಈ ಊರುಗಳ ಅಂದಿನ ಸ್ಥಿತಿಯನ್ನು ತಿಳಿದುಕೊಳ್ಳಬೇಕು. ಹಾನಗಲ್ಲು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ ತಾಲೂಕು. ಶಿಗ್ಗಾಂವಿಯಲ್ಲಿ ಮಾಮಲೇದಾರರ ಕಚೇರಿಯಿದ್ದರೂ ಹಳೆಯ ದಫ್ತರದಲ್ಲಿ ಆ ತಾಲೂಕಿಗೆ ಬಂಕಾಪುರವೆಂದೇ ಹೆಸರು. ಅದರಂತೆಯೇ ಹಿರೇಕೆರೂರಿನಲ್ಲಿ ಕಚೇರಿಯುಳ್ಳ ತಾಲೂಕಿಗೆ ಕೋಡ ಎಂದು ಹೆಸರು. ಸವಣೂರು ಮಾತ್ರ ಇವುಗಳ ಮಗ್ಗುಲಲ್ಲಿಯೇ ಇದ್ದರೂ ಇವುಗಳಂತಿರಲಿಲ್ಲ. ಅದು ನವಾಬರ ಸಂಸ್ಥಾನ. ವಿಸ್ತಾರವು ಸುಮಾರು ೭೦ ಚದರ ಮೈಲು. ಬಹುಕಾಲ ಧಾರವಾಡದ ಕಲೆಕ್ಟರರೇ ಅಲ್ಲಿಗೆ ಪೊಲಿಟಿಕಲ್ ಏಜಂಟರಾಗಿದ್ದರು. ಎಲೆಬಳ್ಳಿಯ ತೋಟಗಳ ಆ ಊರು, ಸತ್ಯಬೋಧಸ್ವಾಮಿಗಳ ವೃಂದಾವನವಿರುವ ಆ ಊರು, ಶಿಗ್ಗಾಂವಿಯಿಂದ ಚಕ್ಕಡಿಯ ದಾರಿ. ಸಂತೆ ಒಂದೇ, ಮಾತು ಒಂದೇ, ಬೀಗತನ ನೆಂಟತನಗಳೂ ಒಂದೇ. ಆದರೆ ಸರಹದ್ದಿನ ಕಲ್ಲನ್ನು ದಾಟಿದೊಡನೆ ಪ್ರಭುತ್ವವು ಬೇರೆ.

೧೮೬೧ರಲ್ಲಿ ವಿಲಾಯತಿಯ ಪಾರ್ಲಿಮೆಂಟು ಮಾಡಿದ ಕಾಯದೆಯಂತೆ ಮುಂಬಯಿಯ ಕೌನ್ಸಿಲು ಹುಟ್ಟಿತು. ೧೮೬೨ರ ಜನವರಿಯಲ್ಲಿ ಅದರ ಮೊದಲನೆಯ ಬೈಠಕು ಕೂಡಿತು. ಗವರ್ನರರೇ ಅಧ್ಯಕ್ಷರು. ಅವರ ಕಾರ್ಯಕಾರಿ ಸದಸ್ಯರಲ್ಲದೆ ಹೆಚ್ಚಿನ ಸದಸ್ಯರೆಂದು ೪ರಿಂದ ೮ ಜನರನ್ನು ಅವರೇ ನೇಮಿಸತಕ್ಕದ್ದು. ಹಾಗೆ ಮೊದಲಲ್ಲಿ ನೇಮಕವಾದ ಈ ದೇಶದ ಗೃಹಸ್ಥರಲ್ಲಿ ಮುಂಬಯಿಯ ಜಗನ್ನಾಥ ಶಂಕರಶೇಟರಿದ್ದರು, ವಿಂಚೂರಿನ ಸರದಾರರಿದ್ದರು. ಅವರೊಡನೆ ಸವಣೂರಿನ ನವಾಬರೂ ಇದ್ದರು. ಧಾರವಾಡ ಸೀಮೆಯ ಮಣ್ಣಿನಿಂದ ಆ ಸಭೆಗೆ ಮೊದಲು ಹೋದವರು ಸವಣೂರಿನವರೆಂಬ ಸಂಗತಿಯನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಮುಂದೆ ಅದರ ಪ್ರಯೋಜನವುಂಟು.

ಆದರೆ ನವಾಬರಾಗಲಿ ಶೇಟರಾಗಲಿ ಆ ಸಭೆಯಲ್ಲಿ ಮಾಡಬಹುದಾದ ಕೆಲಸವು ಒಂದೇ ಆಗಿತ್ತು: ಸರಕಾರವು ಮುಂದಿಟ್ಟ ಮಸೂದೆಯನ್ನು ಕುರಿತು ಮಾತಾಡುವದು. ಪ್ರಶ್ನೆ ಕೇಳಲು ಅಧಿಕಾರವಿಲ್ಲ. ಜಮಾಖರ್ಚಿನ ಚರ್ಚೆಗೆ ಅವಕಾಶವಿಲ್ಲ. ೧೮೭೬ರಿಂದ ೧೮೭೮ರ ವರೆಗಿನ ಭೀಕರವಾದ ಬರಗಾಲದಲ್ಲಿ ಧಾರವಾಡ ಜಿಲ್ಲೆಯ ದನಕರುಗಳೂ ಜನರೂ ಅನ್ನವಿಲ್ಲದೆ ಸಾಯುತ್ತಿದ್ದಾಗ, ಈ ಬಗೆಗೆ ಸರಕಾರವೇನು ಮಾಡಿತೆಂದು ಆ ಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ಒಬ್ಬ ಸದಸ್ಯನಿಗೂ ಇರಲಿಲ್ಲ. ವಿರಾಟನ ಸಭೆಯಲ್ಲಿ ಉತ್ತರವಿರಲಿಲ್ಲ. ಇಲ್ಲಿ ಪ್ರಶ್ನೆಯೇ ನಿಷಿದ್ಧ.

ಅಲ್ಲಿಂದ ೩೦ ವರ್ಷಗಳ ಮೇಲೆ, ೧೮೯೨ರ ಕಾಯದೆಯಿಂದ ಬಾಯಿಗೆ ಸ್ವಲ್ಪ ಬಿಡುಗಡೆಯಾಯಿತು. ಮುಂಚಿತವಾಗಿ ತಿಳಿಸಿ ಪ್ರಶ್ನೆಯನ್ನು ಕೇಳಬಹುದು. ಅಂದಾಜುಪತ್ರಿಕೆಯನ್ನು ಕುರಿತು ಭಾಷಣ ಮಾಡಬಹುದು. ಆದರೆ ಉತ್ತರದ ಮೇಲೆ ಉಪಪ್ರಶ್ನೆಯನ್ನು ಹಾಕುವಂತಿಲ್ಲ, ಅಂದಾಜುಪತ್ರಿಕೆಗೆ ಮತ ಕೊಡುವಂತಿಲ್ಲ. ತರ್ಕವನ್ನು ಓದಿದವರಿಗೆ ಇದರ ಕೊರತೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ವಾದದಲ್ಲಿ ಪೂರ್ವಪಕ್ಷಿಯು ಒಮ್ಮೆ ಕೇಳಿ ಸುಮ್ಮನಾಗಬೇಕೆಂದು ಕಟ್ಟುಮಾಡಿದರೆ ಎಂತಹ ದುರ್ಬಲವಾದ ಮತವೂ ಸಿದ್ಧಾಂತವೆನಿಸುವದು. ಹೀಗಿದ್ದರೂ ಚುನಾವಣೆಯ ನೆರಳೊಂದು ಹಳ್ಳಿಗಳ ಕಡೆಗೆ ಹಾಯಿತು. ೧೮೮೪ರ ಕಾಯದೆಯಿಂದ ತಾಲೂಕಿಗೂ ಜಿಲ್ಲೆಗೂ ಲೋಕಲ್ ಬೋರ್ಡುಗಳು ಆಗಿದ್ದವು. ದಕ್ಷಿಣ ಭಾಗದ ಬೋರ್ಡುಗಳು ಕೂಡಿ ಒಬ್ಬನ ಹೆಸರನ್ನು ಸೂಚಿಸಬಹುದು. ಗವರ್ನರರು ಒಪ್ಪಿದರೆ ಅವನು ಸದಸ್ಯನು. ಹಾನಗಲ್ಲಿನ ರೈತನಿಗೂ ಆ ಸದಸ್ಯನಿಗೂ ನಡುವೆ ಎಷ್ಟೊಂದು ಮೆಟ್ಟಲುಗಳಿದ್ದವೆಂದರೆ, ಕೆಳಗಿನ ಮೆಟ್ಟಲಿನ ಕೂಗು ಮೇಲಿನದಕ್ಕೆ ಮುಟ್ಟುವಷ್ಟರಲ್ಲಿ ಪಿಸುಮಾತಾಗುತ್ತಿತ್ತು.

ಆದರೂ ಆ ಸಣ್ಣ ಸಭೆಯಲ್ಲಿಯೇ ೧೯೦೧ರ ಆಗಸ್ಟ್ ತಿಂಗಳಲ್ಲಿ ಒಂದು ದೊಡ್ಡ ಸಂಗತಿಯು ನಡೆಯಿತು. ಭೂಕಂದಾಯದ ಕಾಯದೆಗೆ ಸರಕಾರವು ಒಂದು ತಿದ್ದುಪಡಿಯನ್ನು ತಂದಿತು. ಬಾಕಿಗಾಗಿ ಮುಟ್ಟುಗೋಲಾದ ಹೊಲವನ್ನು ಮರಳಿ ರೈತನಿಗೆ ಕೊಡುವಾಗ, ಅದನ್ನು ಮಾರುವ ಒತ್ತೆಯಿಡುವ ಸ್ವಾತಂತ್ರ್ಯವಿಲ್ಲದಂತೆ ಕೊಡಬಹುದೆಂಬದೇ ಅದರ ಮುಖ್ಯಾಂಶ. ಸಾವಕಾರನ ಬಾಯಿಂದ ರೈತನನ್ನು ಉಳಿಸುವದಕ್ಕಾಗಿಯೇ ಈ ಏರ್ಪಾಡೆಂದು ಸರಕಾರದವರು ಹೇಳಿದರು. ತಲೆಮಾರುಗಳಿಂದ ತನ್ನದೆಂದು ಉತ್ತುಬಂದ ಭೂಮಿಯಲ್ಲಿ ರೈತನು ಸರಕಾರದ ಬಾಡಿಗೆಯವನಾಗುವನೆಂದು ಜನಪಕ್ಷದವರು ಹೇಳಿದರು. ಜನಾಭಿಪ್ರಾಯವನ್ನು ಕೇಳುವ ವರೆಗೆ ಮಸೂದೆಯನ್ನು ತಡೆಯಬೇಕೆಂಬ ಸೂಚನೆಯು ಬಿದ್ದುಹೋಗಲು, ಫಿರೋಜಶಹಾ ಮೆಹತಾ, ಗೋಪಾಲ ಕೃಷ್ಣ ಗೋಖಲೆ ಮೊದಲಾದ ಕೆಲವರು ಎದ್ದು ಸಭೆಯಿಂದ ಹೊರಗೆ ನಡೆದರು. ಮಸೂದೆಯು ಕಾಯದೆಯಾಯಿತು. ಆದರೂ ಕುಳಿತಲ್ಲಿಂದ ಏಳುವದೂ ಒಂದು ಉತ್ತರವೆಂಬದನ್ನು ಆ ಸಭೆಯು ಅಂದು ಕಂಡಿತು. ವಿರಾಟನ ಸಭಾಸದರಿಗೆ ಸಾಧಿಸದೆ ಹೋದದ್ದು ಇದೇ.

೧೯೦೯ರ ಸುಧಾರಣೆಯಿಂದ ಸದಸ್ಯರ ಸಂಖ್ಯೆಯು ಹೆಚ್ಚಿತು. ಪ್ರಶ್ನೆ ಕೇಳಿದವನೇ ಉಪಪ್ರಶ್ನೆಯನ್ನೂ ಕೇಳಬಹುದಾಯಿತು, ಠರಾವುಗಳನ್ನು ತರಬಹುದಾಯಿತು. ಠರಾವು ಪಾಸಾದರೂ ಸರಕಾರವು ಅದರಂತೆ ನಡೆಯಬೇಕೆಂಬ ನಿರ್ಬಂಧವಿರಲಿಲ್ಲ. ಅದೇ ಸುಧಾರಣೆಯಿಂದ ಮುಸಲ್ಮಾನರಿಗೆ ಪ್ರತ್ಯೇಕ ಮತದಾರ ಸಂಘವೂ ಏರ್ಪಟ್ಟಿತು. ಒಂದೇ ಬಾವಿಯ ನೀರು ಕುಡಿದು ಒಂದೇ ಓಣಿಯಲ್ಲಿ ಬಾಳುವ ನೆರೆಹೊರೆಯವರು ಪ್ರತಿನಿಧಿಯನ್ನು ಆರಿಸುವಾಗ ಮಾತ್ರ ಎರಡು ಬೇರೆ ಬೇರೆ ಯಾದಿಗಳಲ್ಲಿ ನಿಲ್ಲುವ ಪದ್ಧತಿಯು ಅಲ್ಲಿಂದ ಮೊದಲಾಗಿ ಸ್ವಾತಂತ್ರ್ಯದ ವರೆಗೂ ನಡೆಯಿತು.

ನಿಜವಾದ ಬದಲಾವಣೆಯು ೧೯೧೯ರ ಕಾಯದೆಯಿಂದ ಆಯಿತೆನ್ನಬೇಕು. ಹೊಸ ಕೌನ್ಸಿಲಿನ ೧೧೦ಕ್ಕೂ ಮೇಲ್ಪಟ್ಟ ಸದಸ್ಯರಲ್ಲಿ ೮೬ ಜನರು ಚುನಾಯಿತರು. ೧೯೨೧ರ ಫೆಬ್ರುವರಿಯಲ್ಲಿ ಚಕ್ರವರ್ತಿಗಳ ಚಿಕ್ಕಪ್ಪನಾದ ಕನಾಟ್ ಡ್ಯೂಕರು ಅದನ್ನು ಆರಂಭಿಸಿದರು. ಗವರ್ನರರು ಅಧ್ಯಕ್ಷಪೀಠದಿಂದ ಇಳಿದರು. ಆ ಪೀಠದಲ್ಲಿ ಮೊದಲು ಕುಳಿತವರು ಕನ್ನಡ ಕರಾವಳಿಯ ಹೊನ್ನಾವರದಲ್ಲಿ ೧೮೫೫ರಲ್ಲಿ ಹುಟ್ಟಿದ ಸರ್ ನಾರಾಯಣ ಗಣೇಶ ಚಂದಾವರಕರರು. ಅವರು ೧೯೨೩ರಲ್ಲಿ ತೀರಿಕೊಳ್ಳುವ ವರೆಗೆ ಆ ಸ್ಥಾನದಲ್ಲಿದ್ದರು. ಪ್ರಶ್ನೋತ್ತರಗಳ ಕಾಲದಲ್ಲಿ ಯಾವ ಸದಸ್ಯನಾದರೂ ಉಪಪ್ರಶ್ನೆಯನ್ನು ಹಾಕಬಹುದೆಂಬ ಹಕ್ಕು ಈಗ ಬಂದಿತು.

ಆದರೆ ಆ ೮೬ ಜನರನ್ನು ಆರಿಸುವವರು ಯಾರು? ಹಳ್ಳಿಯ ಮತಕ್ಷೇತ್ರಗಳಲ್ಲಿ ಸಾಮಾನ್ಯವಾಗಿ ೩೨ ರೂಪಾಯಿ ಕಂದಾಯದ ಭೂಮಿಯುಳ್ಳವನಿಗೆ ಮತವುಂಟು; ೩೧ ರೂಪಾಯಿಯವನಿಗೆ ಇಲ್ಲ. ತಲಾಠಿಯ ಉತಾರವೇ ಪೌರತ್ವದ ಜಾತಕವಾಯಿತು. ಇದರ ವಿಚಿತ್ರವನ್ನು ತಿಳಿಯಬೇಕಾದರೆ ಹಾನಗಲ್ಲ ತಾಲೂಕಿನ ಒಂದು ಒಕ್ಕಲುಮನೆಯನ್ನು ಊಹಿಸಿಕೊಂಡರೆ ಸಾಕು. ಭತ್ತದ ಗದ್ದೆಯೂ ಹೊಲವೂ ಸೇರಿ ತಂದೆಯು ೪೦ ರೂಪಾಯಿ ಕಂದಾಯವನ್ನು ಕೊಡುವನು. ಆದಕಾರಣ ಅವನು ಮತದಾರನು. ತಂದೆಯು ತೀರಿಕೊಂಡ ಮೇಲೆ ಮಕ್ಕಳಿಬ್ಬರು ಮನಸ್ತಾಪವಿಲ್ಲದೆ ಆಸ್ತಿಯನ್ನು ಪಾಲುಮಾಡಿಕೊಳ್ಳುವರು. ಒಬ್ಬೊಬ್ಬನಿಗೆ ೨೦ ರೂಪಾಯಿಯ ಭೂಮಿಯು ಬರುವದು. ಹೊಲವು ಇಬ್ಬರಿಗೂ ಹಂಚಿತು, ಮತವು ಇಬ್ಬರಿಗೂ ತಪ್ಪಿತು. ಪಾಲುಪಟ್ಟಿಯನ್ನು ಬರೆದ ಕುಲಕರ್ಣಿಯು ಹಿತ್ತಲ ಹುಣಸೆಯ ಮರವನ್ನೂ ಬಿಡದೆ ಬರೆದಿರುವನು. ಕಳೆದುಹೋದ ಈ ಒಂದು ವಸ್ತುವನ್ನು ಮಾತ್ರ ಬರೆಯಲಿಲ್ಲ. ಇನ್ನು ಅವರ ಹೊಲದಲ್ಲಿ ದುಡಿಯುವ ಆಳಿನ ಹೆಸರು ಯಾವ ಉತಾರದಲ್ಲಿಯೂ ಇಲ್ಲ. ೧೯೨೧ರಲ್ಲಿಯೇ ಮುಂಬಯಿಯ ಕೌನ್ಸಿಲು ಹೆಂಗಸರಿಗೂ ಮತವುಂಟೆಂದು ಠರಾಯಿಸಿತು. ಅದು ಆ ಸಭೆಗೆ ಭೂಷಣವೇ. ಆದರೆ ತನ್ನ ಹೆಸರಿನಲ್ಲಿ ೩೨ ರೂಪಾಯಿಯ ಭೂಮಿಯುಳ್ಳ ಹೆಂಗಸರು ಒಂದು ಹಳ್ಳಿಗೆ ಎಷ್ಟು ಮಂದಿ ಇರಬಹುದೆಂಬದನ್ನು ವಾಚಕರೇ ಎಣಿಸಿಕೊಳ್ಳಲಿ.

ಮತ ಕೊಟ್ಟವನ ಪ್ರತಿನಿಧಿಯು ಎಲ್ಲಿಗೆ ಹೋಗುವನು? ಸಭೆಯು ಮಳೆಗಾಲದಲ್ಲಿ ಪುಣೆಯಲ್ಲಿ, ಉಳಿದ ಕಾಲದಲ್ಲಿ ಮುಂಬಯಿಯಲ್ಲಿ ಕೂಡುತ್ತಿತ್ತು. ಹಾನಗಲ್ಲಿನಿಂದ ಹಾವೇರಿಯ ಸ್ಟೇಶನ್ನಿನ ವರೆಗೆ ಚಕ್ಕಡಿ, ಅಲ್ಲಿಂದ ಉಗಿಬಂಡಿ. ಅಲ್ಲಿಯ ವ್ಯವಹಾರವು ಇಂಗ್ಲಿಷಿನಲ್ಲಿ. ಇಂಗ್ಲಿಷು ಬಾರದ ಸದಸ್ಯನು ತನ್ನ ಭಾಷೆಯಲ್ಲಿ ಮಾತಾಡಬಹುದೆಂಬ ನಿಯಮವು ಉಂಟಾದರೂ, ಗುಜರಾತಿ, ಮರಾಠಿ, ಸಿಂಧಿಗಳ ನಡುವೆ ಕನ್ನಡದಲ್ಲಿ ಹೇಳಿದ ಮಾತು ಎಷ್ಟು ಕಿವಿಗಳಿಗೆ ಮುಟ್ಟೀತು! ಅದೊಂದು ಬಗೆಯ ಅರಣ್ಯರೋದನವೇ. ಇಂತಹ ಸಭೆಯಲ್ಲಿ ನಿಂತು ಕನ್ನಡ ಸೀಮೆಯ ಹೆಸರನ್ನು ಉಳಿಸಿದವರಲ್ಲಿ ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು ಮುಖ್ಯರು. ಉಪಾಧ್ಯಕ್ಷರಾಗಿದ್ದು, ೧೯೩೦ರ ಬಳಿಕ ಮಂತ್ರಿಪದವಿಗೂ ಏರಿದರು. ವಚನಗಳ ತಾಡವೋಲೆಗಳನ್ನು ಹುಡುಕಿ ಬೆಳಕಿಗೆ ತಂದ ವಿಜಾಪುರದ ಫ. ಗು. ಹಳಕಟ್ಟಿಯವರೂ ೧೯೨೦ರ ಬಳಿಕ ಕೆಲವು ಕಾಲ ಅದರ ಸದಸ್ಯರಾಗಿದ್ದರು.

ಈ ಸುಧಾರಣೆಯಲ್ಲಿ ಇನ್ನೊಂದು ತೊಡಕು ಇತ್ತು. ಸರಕಾರದ ಖಾತೆಗಳನ್ನು ಎರಡು ಪಾಲು ಮಾಡಿದ್ದರು. ಶಿಕ್ಷಣ, ಆರೋಗ್ಯ, ಸ್ಥಾನಿಕ ಸ್ವರಾಜ್ಯ, ಒಕ್ಕಲುತನಗಳು ಜನರಿಗೆ ಹೊಣೆಯಾದ ಮಂತ್ರಿಗಳ ಕೈಯಲ್ಲಿ. ಭೂಕಂದಾಯ, ಪೋಲೀಸು, ಹಣಕಾಸುಗಳು ಗವರ್ನರರ ಕಾರ್ಯಕಾರಿ ಸದಸ್ಯರ ಕೈಯಲ್ಲಿ. ಇತರ ಇಲಾಖೆಗಳಲ್ಲಿ ಕಾದಿಟ್ಟ ಖಾತೆಯಾಗಿದ್ದ ಅರಣ್ಯವನ್ನು ಮುಂಬಯಿಯಲ್ಲಿ ಮಂತ್ರಿಗಳಿಗೆ ಒಪ್ಪಿಸಿದ್ದು ಹಾನಗಲ್ಲು, ಹಿರೇಕೆರೂರುಗಳಂತಹ ಮಲೆನಾಡ ಸೆರಗಿನ ತಾಲೂಕುಗಳಿಗೆ ಸಣ್ಣ ಲಾಭವಲ್ಲ. ಆದರೆ ಮುಖ್ಯವಾದ ಮಾತನ್ನು ನೋಡಬೇಕು. ರೈತನಿಗೆ ಮತವನ್ನು ತಂದುಕೊಟ್ಟದ್ದು ಅವನ ಕಂದಾಯ. ಆ ಕಂದಾಯದ ವಿಷಯದಲ್ಲಿ ಅವನ ಪ್ರತಿನಿಧಿಯು ಕೇಳಬಹುದು, ಬೇಡಬಹುದು, ಠರಾವನ್ನು ಪಾಸು ಮಾಡಿಸಬಹುದು. ನಿರ್ಣಯಿಸುವದು ಮಾತ್ರ ಅವನಿಂದಾಗದು.

ಠರಾವೆಂದರೆ ಬರಿಯ ಮಾತೆಂದು ತಳ್ಳಿಬಿಡುವದೂ ನ್ಯಾಯವಲ್ಲ. ೧೯೨೩ರ ಆಗಸ್ಟ್ ೪ರಂದು ಸೀತಾರಾಮ ಕೇಶವ ಬೋಲೆಯವರು ಆ ಸಭೆಯಲ್ಲಿ ಒಂದು ಠರಾವನ್ನು ಪಾಸು ಮಾಡಿಸಿದರು. ಸಾರ್ವಜನಿಕ ಹಣದಿಂದ ಕಟ್ಟಿದ ಇಲ್ಲವೆ ನಡೆಯಿಸುವ ಕೆರೆಬಾವಿಗಳು, ಧರ್ಮಶಾಲೆಗಳು, ಶಾಲೆಗಳು, ಕಚೇರಿಗಳು, ದವಾಖಾನೆಗಳು ಅಸ್ಪೃಶ್ಯರೆನಿಸಿದವರಿಗೂ ತೆರೆದಿರಬೇಕೆಂಬದೇ ಆ ಠರಾವು. ಸರಕಾರವು ಅದೇ ವರ್ಷದ ಸಪ್ಟೆಂಬರಿನಲ್ಲಿ ತನ್ನ ಖಾತೆಗಳಿಗೆ ಅದರಂತೆ ನಡೆಯಲು ಅಪ್ಪಣೆ ಕೊಟ್ಟಿತು. ಕೆರೆಯ ಹೆಸರನ್ನೇ ಹೊತ್ತ ಹಿರೇಕೆರೂರಿನಂತಹ ಸೀಮೆಯಲ್ಲಿ, ಊರೂರಿಗೆ ಕೆರೆಯುಳ್ಳ ಹಾನಗಲ್ಲಿನಂತಹ ಸೀಮೆಯಲ್ಲಿ, ಇದು ಎಂತಹ ಮಾತೆಂಬದನ್ನು ಯೋಚಿಸಬೇಕು. ಪುಣೆ ಮುಂಬಯಿಗಳಲ್ಲಿ ಪಾಸಾದ ಕಾಗದವು ಹಳ್ಳಿಯ ಕೆರೆಯ ಪಾವಟಿಗೆಯ ವರೆಗೆ ನಡೆದುಬರಲು ಎಷ್ಟು ಕಾಲವು ಹಿಡಿಯಿತೆಂಬದಕ್ಕೆ ೧೯೨೭ರ ಮಹಾಡದ ಸತ್ಯಾಗ್ರಹವೇ ಸಾಕ್ಷಿ. ಠರಾವಾಗಿ ನಾಲ್ಕು ವರ್ಷಗಳ ಮೇಲೂ ಒಂದು ಬೊಗಸೆ ನೀರಿಗಾಗಿ ಡಾಕ್ಟರ ಅಂಬೇಡಕರರು ಸಾವಿರಾರು ಜನರೊಡನೆ ಕೆರೆಗೆ ನಡೆದುಹೋಗಬೇಕಾಯಿತು. ನೀರಿನ ಹಕ್ಕು ಯಾರಿಗೆ ಬೇಕಾಗಿತ್ತೋ ಅವರ ಬಳಿಯಲ್ಲಿ ೩೨ ರೂಪಾಯಿಯ ಭೂಮಿ ಇರಲಿಲ್ಲ. ಆದಕಾರಣ ಕೆರೆಯನ್ನು ಮುಚ್ಚಿದವರಿಗೆ ಮತದ ಭಯವೂ ಇರಲಿಲ್ಲ. ಅಂಬೇಡಕರರು ಅದೇ ವರ್ಷ ಆ ಸಭೆಯನ್ನು ಪ್ರವೇಶಿಸಿದ್ದು ಚುನಾವಣೆಯಿಂದಲ್ಲ, ನೇಮಕದಿಂದ.

ಇನ್ನು ಹಿರೇಕೆರೂರಿನ ಕಥೆ. ೧೯೩೦ರಲ್ಲಿ ಆರಂಭವಾದ ಕಾನೂನುಭಂಗದ ಕಾಲದಲ್ಲಿ ಉತ್ತರ ಕನ್ನಡದ ಅಂಕೋಲೆ, ಸಿದ್ದಾಪುರಗಳೊಡನೆ ಹಿರೇಕೆರೂರ ತಾಲೂಕಿನ ರೈತರೂ ಕರನಿರಾಕರಣೆಗೆ ನಿಂತರು. ಕಂದಾಯವನ್ನು ಕೊಡೆವೆಂದರು. ಜಪ್ತಿ ಬಂದಿತು, ಲಿಲಾವು ಬಂದಿತು, ತುರಂಗವಾಸವು ಬಂದಿತು. ಇದರ ಮಹತ್ವವು ತಿಳಿಯಬೇಕಾದರೆ ಮೇಲೆ ಹೇಳಿದ ಮಾತನ್ನು ಮತ್ತೊಮ್ಮೆ ಸ್ಮರಿಸಬೇಕು. ಭೂಮಿಯಿದ್ದುದರಿಂದಲೇ ಅವರಲ್ಲಿ ಕೆಲವರಿಗೆ ಮತವಿತ್ತು. ಭೂಮಿಯು ಹೋದರೆ ಮತವೂ ಹೋಗತಕ್ಕದ್ದು. ಹೊಟ್ಟೆಯ ಅನ್ನವನ್ನೂ ಸಭೆಯ ಬಾಗಿಲನ್ನೂ ಒಂದೇ ಕೈಯಿಂದ ದೂಡಿ ಅವರು ಚಾವಡಿಯ ಮುಂದೆ ನಿಂತರು. ಆ ದಿನಗಳಲ್ಲಿ ಮನೆಯ ಕೊಡ ತಂಬಿಗೆಗಳು ಬೀದಿಗೆ ಬಂದಾಗ ಹೆಂಗಸರು ಮಕ್ಕಳು ಏನನ್ನು ಉಂಡರೆಂಬ ಲೆಕ್ಕವು ಯಾವ ಕೌನ್ಸಿಲಿನ ವರದಿಯಲ್ಲಿಯೂ ಸಿಕ್ಕದು.

ಉತ್ತರವು ಬರಲು ಕೆಲವು ವರ್ಷಗಳು ಹಿಡಿದವು. ೧೯೩೫ರ ಕಾಯದೆಯಿಂದ ಮುಂಬಯಿಗೆ ೧೭೫ ಸದಸ್ಯರ ಅಸೆಂಬ್ಲಿಯೂ ಅದರ ಮೇಲೆ ಸಣ್ಣದೊಂದು ಕೌನ್ಸಿಲೂ ಆದವು. ಮತಕ್ಕೆ ಬೇಕಾದ ಕಂದಾಯವು ೩೨ ರೂಪಾಯಿಯಿಂದ ೮ ರೂಪಾಯಿಗೆ ಇಳಿಯಿತು; ಪಾಲಾದ ಅಣ್ಣತಮ್ಮಂದಿರಿಬ್ಬರೂ ಮರಳಿ ಮತದಾರರಾದರು. ೧೯೩೭ರ ಚುನಾವಣೆಯಲ್ಲಿ ಕಾಂಗ್ರೆಸ್ಸು ೮೬ ಸ್ಥಾನಗಳನ್ನು ಗೆದ್ದಿತು. ಜುಲೈಯಲ್ಲಿ ಬಾಳ ಗಂಗಾಧರ ಖೇರರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಇನ್ನು ಕಂದಾಯವೂ ಪೋಲೀಸೂ ಮಂತ್ರಿಗಳ ಕೈಯಲ್ಲಿಯೇ. ಚಳುವಳಿಯಲ್ಲಿ ಮುಟ್ಟುಗ���ಲಾಗಿ ಪರರ ಪಾಲಾದ ಭೂಮಿಗಳನ್ನು ಮೂಲ ಒಡೆಯರಿಗೆ ಮರಳಿಸುವದಕ್ಕಾಗಿ ಆ ಸಭೆಯು ೧೯೩೮ರಲ್ಲಿ ಒಂದು ಕಾಯದೆಯನ್ನು ಮಾಡಿತು. ೧೯೦೧ರಲ್ಲಿ ಮುಟ್ಟುಗೋಲಾದ ಹೊಲದ ಮೇಲೆ ರೈತನ ಹಕ್ಕನ್ನು ಕುಗ್ಗಿಸಿದ ಸಭೆಯೇ ಮುಟ್ಟುಗೋಲಾದ ಹೊಲವನ್ನು ರೈತನ ಮನೆಗೆ ಮರಳಿ ಕಳಿಸಿತು. ನಡುವೆ ಕಳೆದದ್ದು ೩೭ ವರ್ಷ. ಅಂದು ಎದ್ದು ಹೊರನಡೆದವರಲ್ಲಿ ಮೆಹತಾ, ಗೋಖಲೆಯವರಿಬ್ಬರೂ ೧೯೧೫ರಲ್ಲಿಯೇ ತೀರಿಹೋಗಿದ್ದರು.

ಇಷ್ಟೆಲ್ಲವೂ ಆಗುತ್ತಿರುವಾಗ ಸವಣೂರು ಎಲ್ಲಿತ್ತು? ಎಲ್ಲಿತ್ತೋ ಅಲ್ಲಿಯೇ ಇತ್ತು. ೧೮೬೨ರಲ್ಲಿ ಸಭೆಗೆ ಮೊದಲು ಹೋದವರು ಸವಣೂರಿನ ಒಡೆಯರು. ಆದರೆ ಆ ಸಭೆಗೆ ಜನರಿಂದ ಪ್ರತಿನಿಧಿಗಳು ಹೋಗತೊಡಗಿದ ಮೇಲೆ ಸವಣೂರಿನ ಪ್ರಜೆಗಳಿಗೆ ಅದರ ಬಾಗಿಲು ಮುಚ್ಚಿಯೇ ಇತ್ತು, ಏಕೆಂದರೆ ಅವರು ಮುಂಬಯಿ ಇಲಾಖೆಯ ಪ್ರಜೆಗಳಲ್ಲ. ಶಿಗ್ಗಾಂವಿಯ ರೈತನು ೩೨ ರೂಪಾಯಿಯ ಲೆಕ್ಕದಲ್ಲಿ ಒಳಗೋ ಹೊರಗೋ ಎಂದು ತೂಗಲ್ಪಡುತ್ತಿದ್ದನು; ಸವಣೂರಿನ ಎಲೆತೋಟದವನು ೩೨೦ ರೂಪಾಯಿ ಕೊಟ್ಟರೂ ಆ ತಕ್ಕಡಿಯಲ್ಲಿ ಏರುವಂತಿರಲಿಲ್ಲ. ಶಿಗ್ಗಾಂವಿಗೆ ಕೊಟ್ಟ ಮಗಳ ಮನೆಯಲ್ಲಿ ಚುನಾವಣೆಯ ಗದ್ದಲವಾಗುತ್ತಿದ್ದರೆ ಸವಣೂರಿನ ತವರುಮನೆಯವರು ಅದನ್ನು ಜಾತ್ರೆಯಂತೆ ನೋಡಿ ಮರಳಬೇಕು. ಅರಸನು ದಯಾಳುವೋ ಅಲ್ಲವೋ ಎಂಬ ಚರ್ಚೆಯು ಇಲ್ಲಿ ಅಪ್ರಸ್ತುತ. ದಯೆಯುಳ್ಳ ಅರಸನಲ್ಲಿ ಬೇಡಿಕೊಳ್ಳಬಹುದು. ಆದರೆ ಬೇಡುವದು ಬೇರೆ, ಕೇಳುವದು ಬೇರೆ. ಕೇಳಿದ್ದಕ್ಕೆ ಉತ್ತರ ಕೊಡಲೇಬೇಕಾದ ಸ್ಥಳವೊಂದು ಅವರಿಗೆ ಇರಲಿಲ್ಲ.

೧೯೪೮ರ ಮಾರ್ಚ್ ೮ರಂದು ದಕ್ಷಿಣದ ಇತರ ಸಂಸ್ಥಾನಗಳೊಡನೆ ಸವಣೂರೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ನವಾಬರು ಕೌನ್ಸಿಲಿನ ಪೀಠದಲ್ಲಿ ಕುಳಿತ ಮೇಲೆ ೮೬ ವರ್ಷಗಳು ಸಂದಿದ್ದವು. ಮುಂದೆ ಹೊಸ ಸಂವಿಧಾನದಂತೆ ೧೯೫೧-೫೨ರಲ್ಲಿ ನಡೆದ ಚುನಾವಣೆಯಲ್ಲಿ ಕಂದಾಯದ ಲೆಕ್ಕವಿಲ್ಲ, ಜಾತಿಮತಗಳ ಬೇರೆ ಯಾದಿಗಳಿಲ್ಲ. ೨೧ ವರ್ಷ ತುಂಬಿದವರಿಗೆಲ್ಲ ಒಂದೊಂದು ಮತ. ಹಾನಗಲ್ಲಿನ ಅಣ್ಣತಮ್ಮಂದಿರು, ಅವರ ಮನೆಯ ಹೆಂಗಸರು, ಅವರ ಹೊಲದ ಆಳು, ಸವಣೂರಿನ ಎಲೆತೋಟದವನು, ಕೆರೆಯ ಪಾವಟಿಗೆಯಿಂದ ದೂರ ನಿಲ್ಲಬೇಕಾಗಿದ್ದವನು—ಇವರೆಲ್ಲರೂ ಒಂದೇ ಸಾಲಿನಲ್ಲಿ ನಿಂತರು. ೧೯೫೬ರ ನವೆಂಬರ್ ೧ರಂದು ಈ ತಾಲೂಕುಗಳು ಮುಂಬಯಿಯನ್ನು ಬಿಟ್ಟು ಕನ್ನಡ ನಾಡಿನೊಡನೆ ಕೂಡಿದವು. ಸಭೆಯು ಬೆಂಗಳೂರಿಗೆ ಬಂದಿತು, ಅಲ್ಲಿಯ ಮಾತೂ ಕನ್ನಡವಾಯಿತು. ೧೯೯೭ರಿಂದ ಈ ನಾಲ್ಕೂ ಹಾವೇರಿ ಜಿಲ್ಲೆಯ ತಾಲೂಕುಗಳು. ಇಂದು ಸವಣೂರಿನವರೂ ಶಿಗ್ಗಾಂವಿಯವರೂ ಒಂದೇ ಮತಕ್ಷೇತ್ರದವರು. ಆ ಕ್ಷೇತ್ರದಿಂದ ಆರಿಸಿಬಂದ ಬಸವರಾಜ ಬೊಮ್ಮಾಯಿಯವರು ೨೦೨೧ರಲ್ಲಿ ಮುಖ್ಯಮಂತ್ರಿಗಳಾದರು.

ಹೀಗೆ ಕೇಳುವ ಹಕ್ಕು ಎಲ್ಲರ ಮನೆಯ ವರೆಗೂ ಬಂದಿರುವದು. ಆದರೆ ಹಕ್ಕು ಬಂದೊಡನೆ ಉತ್ತರವೂ ಬಂದಿತೆಂದು ತಿಳಿಯಬಾರದು. ಚುಕ್ಕೆ ಗುರುತಿನ ಪ್ರಶ್ನೆಗೆ ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ ಎಂಬ ಉತ್ತರವು ಇಂದಿಗೂ ಸಭೆಗಳಲ್ಲಿ ಕೇಳಿಬರುವದುಂಟು. ವಿರಾಟನು ಕೊಟ್ಟ ಉತ್ತರಕ್ಕೂ ಅದಕ್ಕೂ ದೂರದ ನೆಂಟಸ್ತಿಕೆಯುಂಟು. ಅಂತಹ ಉತ್ತರವನ್ನು ಕೇಳಿ ಮತದಾರನು ಸುಮ್ಮನಾದರೆ, ೩೨ ರೂಪಾಯಿಯ ಕಾಲದಲ್ಲಿ ಬಾಗಿಲ ಹೊರಗೆ ನಿಂತವರ ಕಷ್ಟವೂ, ಹಿರೇಕೆರೂರಿನ ಚಾವಡಿಯ ಮುಂದೆ ಪಾತ್ರೆಪಡಗಗಳನ್ನು ಕಳೆದುಕೊಂಡವರ ಕಷ್ಟವೂ ವ್ಯರ್ಥವಾದಂತೆಯೇ.

ಹಾನಗಲ್ಲಿನ ಗುಡಿಯಲ್ಲಿ ಕಥೆ ಹೇಳುವ ಮುದುಕರು ಸಾಮಾನ್ಯವಾಗಿ ವಿರಾಟನ ಉತ್ತರದ ಮೇಲೆ ತಡೆಯುವದಿಲ್ಲ. ಭೀಮನು ರಾತ್ರಿ ನಾಟ್ಯಶಾಲೆಯಲ್ಲಿ ಕೀಚಕನನ್ನು ಮುರಿದಿಕ್ಕಿದ ಸಂಭ್ರಮಕ್ಕೆ ಓಡುವರು. ಆದರೆ ಕೇಳುತ್ತ ಕುಳಿತವರಲ್ಲಿ ಒಂದಾದರೂ ಮಗುವು ನಡುವೆ ಬಾಯಿಹಾಕುವದುಂಟು: “ಅಜ್ಜಾ, ಅರಸನ ಮುಂದನ ಒದ್ದನಲ್ಲ, ಮತ್ತ ನನಗ ಗೊತ್ತಿಲ್ಲಂತ ಅಂವ ಹೆಂಗ ಹೇಳಿದ?”

ಕಾಯದೆ ಕೌನ್ಸಿಲಿನಲ್ಲಿ ಇದಕ್ಕೇ ಉಪಪ್ರಶ್ನೆಯೆಂದು ಹೆಸರು. ಅದನ್ನು ಕೇಳುವ ಹಕ್ಕನ್ನು ಪಡೆಯಲು ಆ ಸಭೆಗೆ ಅರ್ಧಶತಮಾನವೇ ಬೇಕಾಯಿತು. ಮಗುವು ಕೇಳಿದಾಗ ಅದನ್ನು ಗದರಿಸದೆ, ಕಥೆಯನ್ನು ಅಲ್ಲಿಯೇ ನಿಲ್ಲಿಸಿ, ಮೊದಲು ಉತ್ತರವನ್ನು ಕೊಡುವದು ಹಿರಿಯರಿಗೆ ಯೋಗ್ಯವು.